ಮಿದುಳಿನ ಭಾಗಗಳೂ ಅವಕ್ಕೆ ಅಂಟಿಸಿದ ಚೀಟಿಗಳೂ

ಪ್ರೌಢಶಾಲೆಗಳ ವಿಜ್ಞಾನ ಕೊಠಡಿಯಲ್ಲಿ ಮಿದುಳಿನ ಪಟವೊಂದು ಸಾಮಾನ್ಯವಾಗಿ ಇರುತ್ತದೆ. ಒಂದೊಂದು ಭಾಗಕ್ಕೆ ಒಂದೊಂದು ಬಣ್ಣ. ಪ್ರತಿ ಬಣ್ಣದಿಂದಲೂ ಹೊರಟ ಗೆರೆಯ ತುದಿಯಲ್ಲಿ ಒಂದು ಚೀಟಿ. ಇಲ್ಲಿ ಯೋಚನೆ, ಇಲ್ಲಿ ಸ್ಪರ್ಶ, ಇಲ್ಲಿ ಶ್ರವಣ, ಹಿಂದುಗಡೆ ದೃಷ್ಟಿ, ಕೆಳಗೆ ಸಮತೋಲನ, ಅದಕ್ಕೂ ಕೆಳಗೆ ಉಸಿರಾಟ. ಪಠ್ಯಪುಸ್ತಕಗಳಲ್ಲಿ ಇದೇ ವಿಷಯ ಎರಡು ಕಾಲಮ್‌ಗಳ ಕೋಷ್ಟಕವಾಗಿ ಬರುತ್ತದೆ. ಎಡಗಡೆ ಭಾಗ, ಬಲಗಡೆ ಕಾರ್ಯ. 'ಹೊಂದಿಸಿ ಬರೆಯಿರಿ' ಎಂಬ ಪ್ರಶ್ನೆಗೆ ಇದಕ್ಕಿಂತ ಚೆನ್ನಾಗಿ ಒಗ್ಗುವ ಪಾಠ ಇನ್ನೊಂದು ಸಿಗಲಾರದು.

ಈ ಕೋಷ್ಟಕ ಪೂರ್ತಿ ತಪ್ಪು ಎಂಬುದು ನನ್ನ ವಾದವಲ್ಲ. ಅದರಲ್ಲಿ ಮೂರನೆಯ ಕಾಲಮ್ ಒಂದು ಬಿಟ್ಟುಹೋಗಿದೆ ಎಂಬುದು ನನ್ನ ಆಕ್ಷೇಪ. 'ಇದು ಹೇಗೆ ತಿಳಿಯಿತು?' ಎಂಬ ಕಾಲಮ್ ಅದು. ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ ಗುರುತ್ವ ವೇಗೋತ್ಕರ್ಷದ ಬೆಲೆ 9.8 ಎಂದು ಬರೆದು ತಂದರೆ ನಾವು ಒಪ್ಪುವುದಿಲ್ಲ. ಲೋಲಕದ ಉದ್ದ ಎಷ್ಟು, ಎಷ್ಟು ಆಂದೋಲನಗಳನ್ನು ಎಣಿಸಿದೆ, ದೋಷ ಎಷ್ಟು ಬಂದೀತು ಎಂದು ಕೇಳುತ್ತೇವೆ. ಆದರೆ 'ಅನುಮಸ್ತಿಷ್ಕದ ಕೆಲಸ ಸಮತೋಲನ' ಎಂದು ಬರೆದರೆ ಸರಿ ಗುರುತು ಹಾಕಿ ಮುಂದಕ್ಕೆ ಹೋಗುತ್ತೇವೆ. ಈ ರಿಯಾಯಿತಿ ಏಕೆ? ಅದರಿಂದ ಆಗುವ ನಷ್ಟ ಸಣ್ಣದಲ್ಲ ಎಂದು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಎಡಗಡೆಯ ಕಾಲಮ್ಮನ್ನೇ ನೋಡಿ. ಮಹಾಮಸ್ತಿಷ್ಕದ ಹಾಲೆಗಳು ನಾಲ್ಕು: ಫ್ರಾಂಟಲ್, ಪೆರೈಟಲ್, ಟೆಂಪೊರಲ್, ಆಕ್ಸಿಪಿಟಲ್. ಈ ಹೆಸರುಗಳು ಮಿದುಳಿನವೇ ಅಲ್ಲ. ಅದರ ಮೇಲಿರುವ ತಲೆಬುರುಡೆಯ ಮೂಳೆಗಳವು. ಹಣೆಯ ಮೂಳೆ, ನೆತ್ತಿಯ ಮೂಳೆ, ಕಣತಲೆಯ ಮೂಳೆ, ಹಿಂದಲೆಯ ಮೂಳೆ. ಮನೆಯ ಕೋಣೆಗಳನ್ನು ಮೇಲಿನ ಹೆಂಚುಗಳ ಬಣ್ಣದಿಂದ ಗುರುತಿಸಿದಂತಾಯಿತು. ಹೆಂಚಿನ ಬಣ್ಣ ಬದಲಾಗುವ ಕಡೆಯಲ್ಲೇ ಅಡುಗೆಮನೆ ಮುಗಿದು ದೇವರಮನೆ ಪ್ರಾರಂಭವಾಗಬೇಕೆಂದೇನೂ ಇಲ್ಲ. ಜರ್ಮನಿಯ ಕಾರ್ಬಿನಿಯನ್ ಬ್ರಾಡ್‌ಮನ್ 1909ರಲ್ಲಿ ಮಿದುಳಿನ ಹೊರಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೋಶಗಳ ಜೋಡಣೆ ಬದಲಾಗುವ ಕಡೆಗಳಲ್ಲಿ ಗಡಿ ಎಳೆದು 52ರವರೆಗೆ ಸಂಖ್ಯೆ ಕೊಟ್ಟ. ಆ ಸಂಖ್ಯೆಗಳನ್ನು ವೈದ್ಯರು ಇಂದಿಗೂ ಬಳಸುತ್ತಾರೆ. 2016ರಲ್ಲಿ ಅಮೆರಿಕದ ಮಾನವ ಕನೆಕ್ಟೋಮ್ ಯೋಜನೆಯವರು ರಚನೆ, ಕಾರ್ಯ, ಸಂಪರ್ಕ ಮೂರನ್ನೂ ಒಟ್ಟಿಗೆ ಅಳೆದು ಒಂದೊಂದು ಗೋಳಾರ್ಧದಲ್ಲಿ 180 ಪ್ರದೇಶಗಳನ್ನು ಗುರುತಿಸಿದರು. ಇವುಗಳಲ್ಲಿ 97 ಹಿಂದೆ ವಿವರಿಸದೆ ಇದ್ದವು. ನಾಲ್ಕು, ಐವತ್ತೆರಡು, ನೂರೆಂಬತ್ತು: ಯಾವ ಉಪಕರಣದಿಂದ ನೋಡುತ್ತೇವೆ ಎಂಬುದರ ಮೇಲೆ 'ಭಾಗ'ಗಳ ಎಣಿಕೆ ನಿಂತಿದೆ.

ಬಲಗಡೆಯ ಕಾಲಮ್ ಇನ್ನೂ ತೊಡಕಿನದು. ಯೋಚನೆ, ನೆನಪು, ಭಯ, ಮಾತು ಇವೆಲ್ಲ ನಾವು ಮನೆಯಲ್ಲಿ ಆಡುವ ಪದಗಳು. ಮಿದುಳು ತನ್ನ ಕೆಲಸವನ್ನು ನಮ್ಮ ನಿಘಂಟಿನ ಪ್ರಕಾರ ಹಂಚಿಕೊಂಡಿರಬೇಕೆಂದು ಏನು ಕಟ್ಟಳೆ? 1800ರ ಆಸುಪಾಸಿನಲ್ಲಿ ವಿಯೆನ್ನಾದ ಫ್ರಾನ್ಜ್ ಗಾಲ್ ಮನುಷ್ಯನ ಗುಣಗಳನ್ನು 27 ಎಂದು ಪಟ್ಟಿಮಾಡಿ, ಒಂದೊಂದಕ್ಕೂ ಮಿದುಳಿನಲ್ಲಿ ಒಂದೊಂದು ಜಾಗ ಕೊಟ್ಟ. ಸಂತಾನಪ್ರೇಮಕ್ಕೆ ಒಂದು, ಕವಿತ್ವಕ್ಕೆ ಒಂದು. ತಲೆಬುರುಡೆಯ ಉಬ್ಬುತಗ್ಗು ತಡವಿ ಗುಣ ಹೇಳುವ ಈ ವಿದ್ಯೆಯನ್ನು ನಾವು ಈಗ ನಗುತ್ತಾ ನೆನೆಯುತ್ತೇವೆ. ಗೋಡೆಯ ಪಟದಲ್ಲಿ ಉಬ್ಬುತಗ್ಗುಗಳು ಇಲ್ಲ, ನಿಜ. ಆದರೆ ಒಂದು ಪದಕ್ಕೆ ಒಂದು ಜಾಗ ಎಂಬ ಮಾದರಿ ಗಾಲ್‌ನದೇ.

ಪೆಟ್ಟಿನಿಂದ ಕಲಿತ ಪಾಠ

ಕೋಷ್ಟಕದ ಹೆಚ್ಚಿನ ಸಾಲುಗಳು ಬಂದಿರುವುದು ಪೆಟ್ಟು ತಿಂದ ಮಿದುಳುಗಳಿಂದ. ಪ್ಯಾರಿಸ್‌ನ ಬಿಸೆಟ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿ ಇಪ್ಪತ್ತೊಂದು ವರ್ಷ ಇದ್ದ. ಏನು ಕೇಳಿದರೂ 'ತಾನ್ ತಾನ್' ಎನ್ನುತ್ತಿದ್ದ. ಆಸ್ಪತ್ರೆಯಲ್ಲಿ ಅವನಿಗೆ ಅದೇ ಹೆಸರಾಗಿತ್ತು. ಆದರೆ ಇತರರ ಮಾತು ಅವನಿಗೆ ಬಹುಮಟ್ಟಿಗೆ ಅರ್ಥವಾಗುತ್ತಿತ್ತು. 1861ರ ಏಪ್ರಿಲ್‌ನಲ್ಲಿ ಆತ ತೀರಿಕೊಂಡಾಗ ಪಾಲ್ ಬ್ರೋಕಾ ಮಿದುಳನ್ನು ತೆಗೆದು ನೋಡಿದ. ಎಡ ಗೋಳಾರ್ಧದ ಮುಂಭಾಗದಲ್ಲಿ ದೊಡ್ಡ ಹಾನಿ ಕಂಡಿತು. 'ಬ್ರೋಕಾ ಪ್ರದೇಶ: ಮಾತು' ಎಂಬ ಚೀಟಿ ಹುಟ್ಟಿದ್ದು ಹೀಗೆ.

ಬ್ರೋಕಾ ಒಂದು ದೊಡ್ಡ ಉಪಕಾರ ಮಾಡಿದ. ಆ ಮಿದುಳನ್ನು ಕತ್ತರಿಸದೆ ಇಡಿಯಾಗಿ ಉಳಿಸಿದ. 146 ವರ್ಷಗಳ ಬಳಿಕ, 2007ರಲ್ಲಿ, ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಲೆಬೋರ್ನ್‌ನ ಮಿದುಳನ್ನೂ ಬ್ರೋಕಾನ ಇನ್ನೊಬ್ಬ ರೋಗಿಯ ಮಿದುಳನ್ನೂ ಎಮ್‌ಆರ್‌ಐ ಯಂತ್ರದಲ್ಲಿ ಇಟ್ಟು ನೋಡಿದರು. ಹಾನಿ ಮೇಲ್ಮೈಯಲ್ಲಿ ನಿಂತಿರಲಿಲ್ಲ. ಒಳಗೆ ಆಳಕ್ಕೆ ಇಳಿದು, ಮಿದುಳಿನ ಮುಂಭಾಗವನ್ನೂ ಹಿಂಭಾಗವನ್ನೂ ಜೋಡಿಸುವ ನರತಂತುಗಳ ಕಟ್ಟನ್ನೇ ಕತ್ತರಿಸಿಹಾಕಿತ್ತು. ಹಾಗಾದರೆ ಲೆಬೋರ್ನ್‌ನ ಮಾತು ಹೋದದ್ದು ಮೇಲಿನ ಪ್ರದೇಶ ಕೆಟ್ಟದ್ದರಿಂದಲೋ, ಕೆಳಗಿನ ತಂತಿ ಕಡಿದದ್ದರಿಂದಲೋ? ಬ್ರೋಕಾನ ಕಾಲದ ಕಣ್ಣು ಕಂಡದ್ದು ಮೇಲ್ಮೈಯನ್ನು ಮಾತ್ರ. ಚೀಟಿ ಅಂಟಿದ್ದೂ ಅಲ್ಲಿಗೇ.

ಇಲ್ಲಿ ತರ್ಕದ ಒಂದು ಸೂಕ್ಷ್ಮವಿದೆ. ಬ್ರಿಟನ್ನಿನ ಮನೋವಿಜ್ಞಾನಿ ರಿಚರ್ಡ್ ಗ್ರೆಗೊರಿ 1960ರ ಸುಮಾರಿಗೆ ಅದನ್ನು ರೇಡಿಯೊದ ಉದಾಹರಣೆಯಿಂದ ವಿವರಿಸಿದ್ದರು. ರೇಡಿಯೊದಿಂದ ಒಂದು ರೋಧಕವನ್ನು ಕಿತ್ತರೆ ಅದು ಕಿರುಚಲು ಶುರುಮಾಡಬಹುದು. ಆಗ 'ಈ ರೋಧಕದ ಕೆಲಸ ಕಿರುಚಾಟವನ್ನು ತಡೆಯುವುದು' ಎಂದು ಮಂಡಲಚಿತ್ರದಲ್ಲಿ ಬರೆಯುತ್ತೇವೆಯೇ? ಇಲ್ಲ. ಒಂದು ಭಾಗವನ್ನು ತೆಗೆದಾಗ ಉಳಿದ ಮಂಡಲ ಹೇಗೆ ವರ್ತಿಸುತ್ತದೆ ಎಂಬುದೇ ಬೇರೆ, ಆ ಭಾಗ ಏನು ಮಾಡುತ್ತಿತ್ತು ಎಂಬುದೇ ಬೇರೆ. ಎಲೆಕ್ಟ್ರಾನಿಕ್ಸ್ ಕಲಿಸುವ ಯಾರಿಗೂ ಇದು ಹೊಸದಲ್ಲ. ಜೀವವಿಜ್ಞಾನದ ತರಗತಿಗೂ ಇದನ್ನು ಒಯ್ಯಬೇಕು.

ಒಬ್ಬನೇ ರೋಗಿಯ ಹಾನಿ ಹೇಳುವುದು ಕಡಿಮೆ. ಎದುರುಬದಿರಾದ ಇಬ್ಬರು ರೋಗಿಗಳು ಹೇಳುವುದು ಹೆಚ್ಚು. 1874ರಲ್ಲಿ ಕಾರ್ಲ್ ವೆರ್ನಿಕೆ ವಿವರಿಸಿದ ರೋಗಿಗಳಲ್ಲಿ ಹಾನಿ ಹಿಂದಕ್ಕೆ, ಕಿವಿಯ ಬಳಿಯ ಭಾಗದಲ್ಲಿ ಇತ್ತು. ಅವರು ಸರಾಗವಾಗಿ ಮಾತನಾಡುತ್ತಿದ್ದರು. ಆದರೆ ಆಡಿದ್ದಕ್ಕೆ ಅರ್ಥ ಇರುತ್ತಿರಲಿಲ್ಲ, ಕೇಳಿದ್ದೂ ಅರ್ಥವಾಗುತ್ತಿರಲಿಲ್ಲ. ಒಬ್ಬನಿಗೆ ಅರ್ಥ ಉಂಟು, ಮಾತಿಲ್ಲ. ಇನ್ನೊಬ್ಬನಿಗೆ ಮಾತುಂಟು, ಅರ್ಥವಿಲ್ಲ. 'ಮಾತು ಬಲು ಕಷ್ಟದ ಕೆಲಸ, ಆದ್ದರಿಂದ ಎಲ್ಲಿ ಪೆಟ್ಟು ಬಿದ್ದರೂ ಮೊದಲು ಅದೇ ಹೋಗುತ್ತದೆ' ಎಂಬ ಸುಲಭದ ವಿವರಣೆಯನ್ನು ಈ ಜೋಡಿ ತಳ್ಳಿಹಾಕುತ್ತದೆ. ಬ್ರೋಕಾ, ವೆರ್ನಿಕೆ ಎಂಬ ಎರಡು ಹೆಸರುಗಳನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಮಾತ್ರ ಸಿಗುವ ಈ ಯುಕ್ತಿಯನ್ನು ಅವರಿಗೆ ಯಾರೂ ಹೇಳುವುದಿಲ್ಲ.

ಫಿನಿಯಸ್ ಗೇಜ್‌ನ ಕಥೆ ಎಲ್ಲ ಪುಸ್ತಕಗಳಲ್ಲೂ ಇದೆ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ, ರೈಲುಹಾದಿಗೆ ಬಂಡೆ ಸಿಡಿಸುತ್ತಿದ್ದಾಗ, ಸುಮಾರು 1.1 ಮೀಟರ್ ಉದ್ದದ, 6 ಕಿಲೊಗ್ರಾಮ್ ತೂಕದ ಕಬ್ಬಿಣದ ಸಲಾಕೆ ಅವನ ಎಡ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂತು. ಬದುಕಿಕೊಂಡ, ಆದರೆ 'ಬೇರೆಯೇ ಮನುಷ್ಯ'ನಾದ ಎಂದು ಕಥೆ. ಇದರ ಮೇಲೆ 'ಫ್ರಾಂಟಲ್ ಹಾಲೆ: ನಡತೆ' ಎಂಬ ಚೀಟಿ ನಿಂತಿದೆ. ಆದರೆ ಗೇಜ್ ಸತ್ತಾಗ ಅವನ ಮಿದುಳನ್ನು ಯಾರೂ ಪರೀಕ್ಷಿಸಲಿಲ್ಲ. ಸ್ವಭಾವ ಕೆಟ್ಟಿತೆಂಬ ವರದಿಯನ್ನು ಡಾಕ್ಟರ್ ಹಾರ್ಲೊ ವಿವರವಾಗಿ ಪ್ರಕಟಿಸಿದ್ದು ಅಪಘಾತವಾಗಿ ಇಪ್ಪತ್ತು ವರ್ಷಗಳ ಮೇಲೆ. ಅದೇ ಗೇಜ್ ಚಿಲಿ ದೇಶದಲ್ಲಿ ಹಲವು ವರ್ಷ ಪ್ರಯಾಣಿಕರ ಕುದುರೆಗಾಡಿ ಓಡಿಸಿಕೊಂಡು ಬದುಕಿದ್ದ. ಕುದುರೆಗಳನ್ನು ಹತೋಟಿಯಲ್ಲಿಟ್ಟು, ಹೊತ್ತಿಗೆ ಸರಿಯಾಗಿ ಪ್ರಯಾಣಿಕರನ್ನು ಮುಟ್ಟಿಸುವುದು ಹತೋಟಿ ತಪ್ಪಿದವನ ಕೆಲಸವಲ್ಲ. ಕಥೆಯ ಈ ಭಾಗ ಪಠ್ಯಪುಸ್ತಕಗಳಿಗೆ ಬೇಡವಾಗಿದೆ.

ಒಳ್ಳೆಯ ಸಾಕ್ಷ್ಯ ಹೇಗಿರುತ್ತದೆ ಎಂದು ತೋರಿಸಲು ಗೇಜ್‌ನಿಗಿಂತ ಬಹಳ ಮೇಲಾದ ಉದಾಹರಣೆ ಇದೆ. 1904–05ರ ರಷ್ಯ–ಜಪಾನ್ ಯುದ್ಧದಲ್ಲಿ ಬಳಸಿದ ಬಂದೂಕಿನ ಗುಂಡುಗಳು ಸಣ್ಣವು, ವೇಗ ಹೆಚ್ಚಿನವು. ತಲೆಬುರುಡೆಯನ್ನು ಒಡೆಯದೆ, ಸಣ್ಣ ತೂತು ಮಾಡಿ ನೇರವಾಗಿ ಹಾದುಹೋಗುತ್ತಿದ್ದವು. ಜಪಾನಿನ ಕಣ್ಣಿನ ವೈದ್ಯ ತಾತ್ಸುಜಿ ಇನೊಯೆಗೆ ವಹಿಸಿದ್ದ ಕೆಲಸ, ಗಾಯಗೊಂಡ ಸೈನಿಕರಿಗೆ ಪಿಂಚಣಿ ನಿಗದಿಪಡಿಸಲು ಅವರ ದೃಷ್ಟಿ ಎಷ್ಟು ಹೋಗಿದೆ ಎಂದು ಅಳೆಯುವುದು. ಆತ ಅಷ್ಟಕ್ಕೇ ನಿಲ್ಲಲಿಲ್ಲ. ಗುಂಡು ಹೊಕ್ಕ ಬಿಂದು, ಹೊರಟ ಬಿಂದು ಎರಡನ್ನೂ ತಲೆಯ ಮೇಲೆ ಅಳೆಯಲು ಒಂದು ಉಪಕರಣವನ್ನು ತಾನೇ ರೂಪಿಸಿದ. ಎರಡು ಬಿಂದುಗಳ ನಡುವೆ ಸರಳರೇಖೆ ಎಳೆದ. ಆ ರೇಖೆ ಮಿದುಳಿನ ಯಾವ ಭಾಗವನ್ನು ಹಾದಿದೆ, ಸೈನಿಕನಿಗೆ ನೋಟದ ಯಾವ ಮೂಲೆ ಕುರುಡಾಗಿದೆ ಎಂದು ಒಂದೊಂದಾಗಿ ತಾಳೆನೋಡಿದ. ಹೊರಜಗತ್ತಿನ ನೋಟ ಹಿಂದಲೆಯ ಹೊರಪದರದ ಮೇಲೆ ನಕ್ಷೆಯಂತೆ ಹರಡಿದೆ, ನೋಟದ ನಟ್ಟನಡುವಿನ ಸಣ್ಣ ಭಾಗಕ್ಕೆ ಅಲ್ಲಿ ಬಹಳ ದೊಡ್ಡ ಜಾಗ ಇದೆ ಎಂದು 1909ರಲ್ಲಿ ಪ್ರಕಟಿಸಿದ. ಪಿಂಚಣಿ ಕಚೇರಿಯ ಕಡತದಿಂದ ಎಂಥ ಭೌತವಿಜ್ಞಾನ! ಹತ್ತಾರು ರೋಗಿಗಳು, ಪ್ರತಿಯೊಬ್ಬರಲ್ಲೂ ಅಳತೆ, ಅಳತೆಗೂ ಪರಿಣಾಮಕ್ಕೂ ಬಿಂದುವಿನಿಂದ ಬಿಂದುವಿಗೆ ಹೊಂದಿಕೆ. 'ಆಕ್ಸಿಪಿಟಲ್ ಹಾಲೆ: ದೃಷ್ಟಿ' ಎಂಬ ಸಾಲು ಗಟ್ಟಿಯಾಗಿ ನಿಂತಿರುವುದು ಇಂಥ ಬುನಾದಿಯ ಮೇಲೆ.

ಉಸಿರಾಟದ ಸಾಲೂ ಗಟ್ಟಿಯೇ. 1991ರಲ್ಲಿ ಆಗತಾನೆ ಹುಟ್ಟಿದ ಇಲಿಮರಿಯ ಮೆಡುಲ್ಲಾದಿಂದ ತೆಗೆದ ತೆಳು ಬಿಲ್ಲೆಯೊಂದು, ದೇಹದಿಂದ ಬೇರ್ಪಟ್ಟು ದ್ರವದ ತಟ್ಟೆಯಲ್ಲಿ ಇದ್ದಾಗಲೂ, ಉಸಿರಾಟದ ಲಯವನ್ನು ತಾನಾಗಿ ಮಿಡಿಯುತ್ತಿತ್ತು. ಇದು ಕಿತ್ತು ನೋಡಿದ ಸಾಕ್ಷ್ಯವಲ್ಲ. ಬಿಡಿಸಿಟ್ಟರೂ ಕೆಲಸ ಮಾಡುವ ಸಾಕ್ಷ್ಯ.

ಗಟ್ಟಿ ಚೀಟಿಯೂ ಅಲುಗಾಡಿದಾಗ

ಹಿಂದಲೆಯ ಭಾಗ ದೃಷ್ಟಿಗೆ ಎಂಬುದು ಇಷ್ಟು ಗಟ್ಟಿಯಾಗಿದ್ದರೆ ಹುಟ್ಟುಕುರುಡರಲ್ಲಿ ಆ ಭಾಗ ಏನು ಮಾಡುತ್ತಿರುತ್ತದೆ? ಖಾಲಿ ಬಿದ್ದಿರುತ್ತದೆಯೇ? ಎಳವೆಯಿಂದಲೇ ಕುರುಡರಾದವರು ಬೆರಳಿನಿಂದ ಬ್ರೈಲ್ ಓದುವಾಗ ಅವರ 'ದೃಷ್ಟಿ' ಪ್ರದೇಶ ಚುರುಕಾಗುತ್ತದೆ ಎಂದು 1996ರಲ್ಲಿ ಗೊತ್ತಾಯಿತು. ಆದರೆ ಚುರುಕಾಯಿತು ಎಂದ ಮಾತ್ರಕ್ಕೆ ಓದಲು ಅದು ಬೇಕೇಬೇಕು ಎನ್ನಲಾಗದು. ಮರುವರ್ಷ ಲಿಯೊನಾರ್ಡೊ ಕೊಹೆನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದ ಬಗೆ ಪಿಯುಸಿ ವಿದ್ಯಾರ್ಥಿಗಳಿಗೆ ಇಷ್ಟವಾಗುವಂಥದು. ತಲೆಯ ಹಿಂದೆ ತಂತಿಯ ಸುರುಳಿ ಹಿಡಿದು ಅದರಲ್ಲಿ ಕ್ಷಣಾರ್ಧಕ್ಕೂ ಕಡಿಮೆ ಹೊತ್ತು ಭಾರೀ ವಿದ್ಯುತ್ತನ್ನು ಹರಿಸಿದರು. ಬದಲಾಗುವ ಕಾಂತಕ್ಷೇತ್ರ ತಲೆಬುರುಡೆಯನ್ನು ದಾಟಿ ಒಳಗೆ ವಿದ್ಯುತ್ತನ್ನು ಪ್ರೇರಿಸುತ್ತದೆ. ಅಲ್ಲಿನ ನರಕೋಶಗಳ ಕೆಲಸ ಒಂದು ಗಳಿಗೆ ಕದಡುತ್ತದೆ. ಫ್ಯಾರಡೆಯ ನಿಯಮವಲ್ಲದೆ ಮತ್ತೇನೂ ಅಲ್ಲ. ಕುರುಡರ ಹಿಂದಲೆಗೆ ಹೀಗೆ ಮಾಡಿದಾಗ ಬ್ರೈಲ್ ಓದುವುದರಲ್ಲಿ ತಪ್ಪುಗಳಾದವು. ಕಣ್ಣಿರುವವರು ಉಬ್ಬಕ್ಷರಗಳನ್ನು ಮುಟ್ಟಿ ಓದುವಾಗ ಮಾಡಿದರೆ ಅಂಥ ತೊಂದರೆ ಕಾಣಲಿಲ್ಲ. 2000ದಲ್ಲಿ ವರದಿಯಾದ ಇನ್ನೊಂದು ಪ್ರಕರಣ ಮನಕಲಕುವಂಥದು. ಎಳವೆಯಿಂದ ಕುರುಡಿಯಾಗಿದ್ದು ಬ್ರೈಲ್‌ನಲ್ಲಿ ನಿಪುಣೆಯಾಗಿದ್ದ ಮಹಿಳೆಯೊಬ್ಬರಿಗೆ ಹಿಂದಲೆಯ ಎರಡೂ ಕಡೆ ಪಾರ್ಶ್ವವಾಯುವಿನ ಹಾನಿಯಾಯಿತು. ಬೆರಳಿಗೆ ಚುಕ್ಕೆಗಳು ತಿಳಿಯುತ್ತಿದ್ದವು, ಅಕ್ಷರ ಮಾತ್ರ ಓದಲಾಗದೆ ಹೋಯಿತು.

ಕಣ್ಣಿನಿಂದ ಏನೂ ಬಾರದಿದ್ದರೆ ಆ ಜಾಗ ಬೇರೆ ಕೆಲಸ ಹಿಡಿಯುತ್ತದೆ ಎಂದಾಯಿತು. ಹಾಗಾದರೆ ಚೀಟಿಯಲ್ಲಿ ಬರೆಯಬೇಕಾದದ್ದು 'ದೃಷ್ಟಿ' ಎಂದೋ, 'ಕಣ್ಣಿನ ಸಂಪರ್ಕ ಇದ್ದಾಗ ದೃಷ್ಟಿ' ಎಂದೋ? ಶಿಕ್ಷಕರು ಇದನ್ನು ತರಗತಿಯಲ್ಲಿ ಚರ್ಚೆಗೆ ಬಿಡಬಹುದು.

ಅನುಮಸ್ತಿಷ್ಕಕ್ಕೆ ಪಟದಲ್ಲಿ ಸಿಕ್ಕಿರುವುದು 'ಸಮತೋಲನ' ಎಂಬ ಒಂದೇ ಪದ. ಸ್ವಲ್ಪ ಲೆಕ್ಕ ನೋಡಿ. 2009ರಲ್ಲಿ ಬ್ರೆಜಿಲ್‌ನ ಸಂಶೋಧಕರು ಮಾನವನ ಮಿದುಳಿನ ನರಕೋಶಗಳನ್ನು ಎಣಿಸಿದರು. ಮಿದುಳನ್ನು ಕರಗಿಸಿ ಗಸಿಯಾಗಿಸಿ, ಅದರಲ್ಲಿ ತೇಲುವ ಕೋಶಬೀಜಗಳನ್ನು ಎಣಿಸುವುದು ಅವರ ವಿಧಾನ. ಒಟ್ಟು ಸುಮಾರು 8,600 ಕೋಟಿ ನರಕೋಶಗಳು. ಪುಸ್ತಕಗಳಲ್ಲಿ ಈಗಲೂ ಕಾಣುವ 10,000 ಕೋಟಿ ಬರಿಯ ಅಂದಾಜು. ಇವುಗಳ ಪೈಕಿ ಮಹಾಮಸ್ತಿಷ್ಕದ ಹೊರಪದರದಲ್ಲಿ ಇರುವುದು ಸುಮಾರು 1,600 ಕೋಟಿ. ಅನುಮಸ್ತಿಷ್ಕದಲ್ಲಿ ಸುಮಾರು 6,900 ಕೋಟಿ! ಮಿದುಳಿನ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟಿರುವ ಭಾಗದಲ್ಲಿ ನರಕೋಶಗಳ ಐದರಲ್ಲಿ ನಾಲ್ಕು ಪಾಲು. ಇಷ್ಟು ದೊಡ್ಡ ಸೈನ್ಯ ಬರೀ ಮುಗ್ಗರಿಸದೆ ನಡೆಯುವುದಕ್ಕೆ ಬೇಕೇ? 1998ರಲ್ಲಿ ಷ್ಮಾಮನ್ ಮತ್ತು ಷರ್ಮನ್ ಎಂಬ ಅಮೆರಿಕದ ವೈದ್ಯರು ಅನುಮಸ್ತಿಷ್ಕಕ್ಕೆ ಹಾನಿಯಾದ ರೋಗಿಗಳಲ್ಲಿ ಯೋಜಿಸುವ ಶಕ್ತಿ, ಭಾಷೆ, ಭಾವನೆ ಇವೂ ಕುಗ್ಗಿರುವುದನ್ನು ವಿವರಿಸಿದರು. ಚೀಟಿಯಲ್ಲಿ ಇದಕ್ಕಿನ್ನೂ ಜಾಗ ಸಿಕ್ಕಿಲ್ಲ.

'ನೆನಪು' ಎಂಬ ಚೀಟಿಯೂ ಹೀಗೆಯೇ ಸೀಳಿದೆ. ಹೆನ್ರಿ ಮೊಲೈಸನ್ ಎಂಬಾತನಿಗೆ 1953ರಲ್ಲಿ ಮೂರ್ಛೆರೋಗದ ಚಿಕಿತ್ಸೆಗಾಗಿ ಎರಡೂ ಕಡೆಯ ಹಿಪೊಕ್ಯಾಂಪಸ್ಸಿನ ಬಹುಭಾಗವನ್ನು ತೆಗೆದರು. ಅಲ್ಲಿಂದ ಮುಂದಿನ ಘಟನೆಗಳು ಅವನಲ್ಲಿ ನಿಲ್ಲದಾದವು. ಆದರೆ ಬ್ರೆಂಡಾ ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಆಕೃತಿ ತಿದ್ದುವ ಅಭ್ಯಾಸ ಕೊಟ್ಟಾಗ ದಿನದಿಂದ ದಿನಕ್ಕೆ ಅವನ ಕೈ ಪಳಗುತ್ತಾ ಹೋಯಿತು. ಹಿಂದೆ ಮಾಡಿದ್ದೇ ಅವನಿಗೆ ನೆನಪಿರಲಿಲ್ಲ; ಕೈಗೆ ನೆನಪಿತ್ತು. ಒಂದು ಪದ, ಎರಡು ಕೆಲಸ, ಎರಡು ಬೇರೆ ನೆಲೆ.

'ಬೆಳಗಿದ' ಮಿದುಳು

ಇತ್ತೀಚಿನ ದಶಕಗಳಲ್ಲಿ ಚೀಟಿ ಅಂಟಿಸುವ ಕೆಲಸ ಎಫ್‌ಎಮ್‌ಆರ್‌ಐ ಯಂತ್ರಕ್ಕೆ ಬಂದಿದೆ. 'ಸಂಗೀತ ಕೇಳಿದಾಗ ಈ ಭಾಗ ಬೆಳಗುತ್ತದೆ' ಎಂಬ ಸುದ್ದಿಗಳನ್ನು ಎಲ್ಲರೂ ಓದಿರುತ್ತೀರಿ. ಮಿದುಳಿನಲ್ಲಿ ಏನೂ ಬೆಳಗುವುದಿಲ್ಲ. ಯಂತ್ರ ನರಕೋಶದ ಮಿಡಿತವನ್ನು ಅಳೆಯುವುದೂ ಇಲ್ಲ. ಅಳೆಯುವುದು ರಕ್ತದ ಕಾಂತಗುಣವನ್ನು. ಆಕ್ಸಿಜನ್ ಹೊತ್ತ ಹೀಮೊಗ್ಲೊಬಿನ್ ಕಾಂತಕ್ಷೇತ್ರದಲ್ಲಿ ಹೆಚ್ಚು ಗಲಾಟೆ ಮಾಡುವುದಿಲ್ಲ. ಆಕ್ಸಿಜನ್ ಕಳೆದುಕೊಂಡದ್ದು ಪ್ಯಾರಾಕಾಂತೀಯ, ತನ್ನ ಸುತ್ತಲಿನ ಕ್ಷೇತ್ರವನ್ನು ಕದಡುತ್ತದೆ. 1936ರಲ್ಲಿ ಪೌಲಿಂಗ್ ಮತ್ತು ಕೊರಿಯೆಲ್ ಕಂಡ ಈ ವ್ಯತ್ಯಾಸವನ್ನು 1990ರಲ್ಲಿ ಸೇಜಿ ಒಗಾವ ಮಿದುಳಿನ ಚಿತ್ರಣಕ್ಕೆ ಬಳಸಿಕೊಂಡರು. ಒಂದು ಕಡೆ ನರಕೋಶಗಳು ಹೆಚ್ಚು ದುಡಿದರೆ ಅಲ್ಲಿಗೆ ಅಗತ್ಯಕ್ಕಿಂತ ಹೆಚ್ಚು ರಕ್ತ ನುಗ್ಗುತ್ತದೆ. ಕದಡುವ ಹೀಮೊಗ್ಲೊಬಿನ್ ಪಾಲು ತಗ್ಗಿ ಸಂಕೇತ ಸ್ವಲ್ಪ ಏರುತ್ತದೆ. ಸ್ವಲ್ಪ ಎಂದರೆ ಸಾಮಾನ್ಯವಾಗಿ ಶೇಕಡ ಒಂದೋ ಎರಡೋ. ನರಕೋಶದ ಮಿಡಿತ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಮುಗಿದರೆ ರಕ್ತದ ಈ ಏರಿಕೆ ತುದಿ ಮುಟ್ಟಲು ಸುಮಾರು ಐದು ಸೆಕೆಂಡು. ಚಿತ್ರದ ಅತಿ ಚಿಕ್ಕ ಚೌಕಗಳು ಸಾಮಾನ್ಯವಾಗಿ 3 ಮಿಲಿಮೀಟರ್ ಬದಿಯ ಘನಗಳು. ಅಂಥ ಒಂದರಲ್ಲೇ ಹಲವು ಲಕ್ಷ ನರಕೋಶಗಳು. ಆಕಾಶದಿಂದ ರಾತ್ರಿ ಬೆಂಗಳೂರನ್ನು ನೋಡಿ, ಯಾವ ಬಡಾವಣೆಗೆ ನೀರಿನ ಟ್ಯಾಂಕರ್‌ಗಳು ಹೆಚ್ಚು ಹೋದವು ಎಂಬುದರಿಂದ ಅಲ್ಲಿನ ಮನೆಗಳಲ್ಲಿ ಏನು ಮಾತುಕತೆ ನಡೆಯಿತು ಎಂದು ಊಹಿಸಿದಂತೆ.

ಬಣ್ಣ ಬಳಿಯುವುದು ವ್ಯತ್ಯಾಸಕ್ಕೆ ಮಾತ್ರ. ದೇಹದ ತೂಕದಲ್ಲಿ ಶೇಕಡ 2ರಷ್ಟಿರುವ ಮಿದುಳು ಸುಮ್ಮನೆ ಕುಳಿತಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಶೇಕಡ 20ನ್ನು ಉಣ್ಣುತ್ತಿರುತ್ತದೆ. ಚಿತ್ರದಲ್ಲಿ ಬೂದಿಬಣ್ಣದಲ್ಲಿ ಉಳಿದ ಭಾಗಗಳೂ ದುಡಿಯುತ್ತಲೇ ಇವೆ. ಇದನ್ನು ಮರೆತವರಿಂದಲೇ 'ನಾವು ಮಿದುಳಿನ ಶೇಕಡ ಹತ್ತನ್ನು ಮಾತ್ರ ಬಳಸುತ್ತೇವೆ' ಎಂಬ ಭಾಷಣ ಕೇಳಬೇಕಾಗಿದೆ.

ಲೆಕ್ಕದ ಇನ್ನೊಂದು ಬಲೆ ಇದೆ. ಮಿದುಳಿನ ಗಾತ್ರ ಸುಮಾರು 1,400 ಘನ ಸೆಂಟಿಮೀಟರ್ ಎಂದುಕೊಳ್ಳಿ. 27 ಘನ ಮಿಲಿಮೀಟರ್‌ಗಳ ಚೌಕಗಳಾಗಿ ಕತ್ತರಿಸಿದರೆ ಸುಮಾರು 50,000 ಚೌಕ. ಪ್ರತಿ ಚೌಕದಲ್ಲೂ 'ಆಕಸ್ಮಿಕವಾಗಿ ಹೀಗಾಗುವ ಸಂಭವ ಸಾವಿರಕ್ಕೆ ಒಂದು' ಎಂಬ ಕಟ್ಟುನಿಟ್ಟು ಇಟ್ಟರೂ, ಏನೂ ನಡೆಯದ ಮಿದುಳಿನಲ್ಲಿ ಸುಮಾರು 50 ಚೌಕಗಳು ಬಣ್ಣ ತಳೆಯುತ್ತವೆ. ಇದನ್ನು ಕ್ರೇಗ್ ಬೆನೆಟ್ ಮತ್ತು ಸಂಗಡಿಗರು 2009ರಲ್ಲಿ ಮರೆಯಲಾಗದಂತೆ ತೋರಿಸಿದರು. ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿಟ್ಟು ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿ, ಚಿತ್ರದಲ್ಲಿರುವವರ ಭಾವ ಯಾವುದು ಎಂದು 'ಕೇಳಿದರು'. ಮೇಲಿನ ಬಲೆಗೆ ತಿದ್ದುಪಡಿ ಮಾಡದೆ ಲೆಕ್ಕ ಹಾಕಿದಾಗ ಸತ್ತ ಮೀನಿನ ಮಿದುಳಿನಲ್ಲೂ ಕೆಲವು ಚೌಕಗಳು 'ಬೆಳಗಿದವು'. ತಿದ್ದುಪಡಿ ಮಾಡಿದೊಡನೆ ಆರಿಹೋದವು. 2012ರಲ್ಲಿ ಈ ಕೆಲಸಕ್ಕೆ ಇಗ್ ನೊಬೆಲ್ ಬಂತು.

ಹಿಮ್ಮುಖ ತರ್ಕ ಇನ್ನೂ ಅಪಾಯದ್ದು. ಮಳೆ ಬಂದರೆ ರಸ್ತೆ ಒದ್ದೆಯಾಗುತ್ತದೆ. ರಸ್ತೆ ಒದ್ದೆಯಾಗಿದ್ದರೆ ಮಳೆಯೇ ಬಂದಿರಬೇಕೆಂದಿಲ್ಲ. 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಲೇಖನವೊಂದು, ಐಫೋನ್ ಸದ್ದು ಕೇಳಿದವರ ಇನ್ಸುಲಾ ಎಂಬ ಭಾಗ ಚುರುಕಾಯಿತು, ಆದ್ದರಿಂದ ಅವರು ಐಫೋನನ್ನು ಪ್ರೀತಿಸುತ್ತಾರೆ ಎಂದು ಹೇಳಿತು. ಹಲವಾರು ನರವಿಜ್ಞಾನಿಗಳು ಸೇರಿ ಪತ್ರಿಕೆಗೆ ಪ್ರತಿಭಟನೆ ಬರೆದರು. ಮಿದುಳು ಚಿತ್ರಣದ ಅಧ್ಯಯನಗಳಲ್ಲಿ ಮೂರರಲ್ಲೊಂದು ಪಾಲಿನಷ್ಟರಲ್ಲಿ ಚುರುಕಾಗುವ ಭಾಗ ಇನ್ಸುಲಾ. ಅದಕ್ಕೆ 'ಪ್ರೀತಿ' ಎಂಬ ಚೀಟಿ ಅಂಟಿಸಿದರೆ ಎಲ್ಲದರಲ್ಲೂ ಪ್ರೀತಿ ಕಾಣುವುದು ಖಂಡಿತ.

ಚೀಟಿಯ ವ್ಯಾಪಾರ

ಮೂರನೆಯ ಕಾಲಮ್ ಇಲ್ಲದ ಪಾಠದ ಬೆಲೆಯನ್ನು ಯಾರು ತೆರುತ್ತಾರೆ? ಎಡಮಿದುಳಿನವರು, ಬಲಮಿದುಳಿನವರು ಎಂದು ಮಕ್ಕಳನ್ನು ವಿಂಗಡಿಸುವ ಶಿಬಿರಗಳನ್ನು ನೋಡಿ. ಮೂಲದಲ್ಲಿ ಇರುವುದು ರೋಜರ್ ಸ್ಪೆರಿಯ ಒಳ್ಳೆಯ ವಿಜ್ಞಾನ. ಅದಕ್ಕೆ 1981ರಲ್ಲಿ ನೊಬೆಲ್ ಬಹುಮಾನ ಸಂದಿದೆ. ಆದರೆ ಅವರು ಪರೀಕ್ಷಿಸಿದ್ದು ಮೂರ್ಛೆರೋಗದ ಚಿಕಿತ್ಸೆಗೆಂದು ಕಾರ್ಪಸ್ ಕೆಲೋಸಮ್ ಕತ್ತರಿಸಿಕೊಂಡ ರೋಗಿಗಳನ್ನು. ನಮ್ಮ ನಿಮ್ಮಲ್ಲಿ ಸುಮಾರು 20 ಕೋಟಿ ನರತಂತುಗಳ ಆ ಸೇತುವೆ ಹಾಗೇ ಇದೆ. 2013ರಲ್ಲಿ ಯೂಟಾ ವಿಶ್ವವಿದ್ಯಾಲಯದವರು 7ರಿಂದ 29 ವರ್ಷ ವಯಸ್ಸಿನ 1,011 ಜನರ ಮಿದುಳಿನ ಚಿತ್ರಗಳನ್ನು ಪರಿಶೀಲಿಸಿದರು. ಕೆಲವು ಕೆಲಸಗಳು ಒಂದು ಕಡೆಗೆ ವಾಲಿರುವುದು ನಿಜ. ಆದರೆ ಒಟ್ಟಾರೆ ಎಡಕ್ಕೋ ಬಲಕ್ಕೋ ವಾಲಿದ ಮನುಷ್ಯರು ಎಂಬ ಗುಂಪು ಅದರಲ್ಲಿ ಕಾಣಲಿಲ್ಲ.

ಇನ್ನು 'ಮಿಡ್‌ಬ್ರೈನ್ ಆ್ಯಕ್ಟಿವೇಶನ್'. 2010ರ ದಶಕದಲ್ಲಿ ಕರ್ನಾಟಕವೂ ಸೇರಿ ದೇಶದ ಹಲವೆಡೆ ಇದು ಹಬ್ಬಿತು. ಮಗುವಿನ ನಡುಮಿದುಳನ್ನು 'ಚಾಲನೆಗೊಳಿಸಿದರೆ' ಕಣ್ಣಿಗೆ ಬಟ್ಟೆ ಕಟ್ಟಿದ್ದರೂ ಓದಬಲ್ಲದು ಎಂದು ಹೇಳಿ ಸಾವಿರಾರು ರೂಪಾಯಿ ಶುಲ್ಕ ವಸೂಲಾಯಿತು. ನಡುಮಿದುಳು ಎಂದರೆ ಏನು? ಸುಮಾರು 2 ಸೆಂಟಿಮೀಟರ್ ಉದ್ದದ ಕಾಂಡದ ತುಂಡು. ಕಣ್ಣುಗುಡ್ಡೆಗಳ ಚಲನೆ, ಸದ್ದಿನ ಕಡೆಗೆ ತಲೆ ತಿರುಗಿಸುವುದು, ಕಿವಿಯ ಸಂಕೇತಗಳನ್ನು ಮೇಲಕ್ಕೆ ಸಾಗಿಸುವುದು ಇವುಗಳಲ್ಲಿ ಅದರ ಪಾತ್ರ ಇದೆ. ಡೋಪಮಿನ್ ತಯಾರಿಸುವ ಅಲ್ಲಿನ ಕಪ್ಪು ಕೋಶಗಳು ಸತ್ತಾಗ ಪಾರ್ಕಿನ್ಸನ್ ಕಾಯಿಲೆ ಬರುತ್ತದೆ. ಎಚ್ಚರವಾಗಿರಲೂ ಅದು ಬೇಕು. ನಡುಮಿದುಳು ಚಾಲನೆಯಲ್ಲಿ ಇಲ್ಲದ ಮಗು ಶಿಬಿರಕ್ಕೆ ನಡೆದು ಬರಲಾರದು. 'ಮುಮ್ಮಿದುಳು, ನಡುಮಿದುಳು, ಹಿಮ್ಮಿದುಳು' ಎಂದು ಬಾಯಿಪಾಠ ಮಾಡಿದ ತಂದೆತಾಯಿಗಳು ಇದನ್ನು ಹೇಗೆ ನಂಬಿದರು ಎಂದರೆ, ಒಂದು ಭಾಗಕ್ಕೆ ಒಂದು ಕೆಲಸ, ಗುಂಡಿ ಒತ್ತಿದರೆ ಆ ಕೆಲಸ ಎಂಬ ಪಟವನ್ನು ನಾವೇ ಅವರ ತಲೆಯಲ್ಲಿ ತೂಗುಹಾಕಿದ್ದೆವು.

ಪ್ರದರ್ಶನದ ಗುಟ್ಟು ಬೆಳಕಿನದು. ಬಟ್ಟೆ ಕಟ್ಟಿದಾಗ ಮೂಗಿನ ಇಕ್ಕೆಲಗಳಲ್ಲಿ ಸಣ್ಣ ಸಂದು ಉಳಿಯುತ್ತದೆ. ಅಲ್ಲಿಂದ ಕೆಳಮುಖವಾಗಿ ನೋಡಿದರೆ ಎದೆಯ ಹತ್ತಿರ ಹಿಡಿದ ಪುಸ್ತಕ ಕಾಣುತ್ತದೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಹಲವು ಸಭೆಗಳಲ್ಲಿ ಬಯಲು ಮಾಡಿ ತೋರಿಸಿದ್ದಾರೆ. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂಬುದನ್ನು ಕಲಿತ ಯಾವ ವಿದ್ಯಾರ್ಥಿಯೂ ಪರೀಕ್ಷೆ ರೂಪಿಸಬಹುದು. ಗಲ್ಲದ ಕೆಳಗೆ ರಟ್ಟು ಹಿಡಿಯಿರಿ. ಪುಸ್ತಕವನ್ನು ಹಣೆಯ ಮಟ್ಟಕ್ಕೆ ಎತ್ತಿ. ಇಲ್ಲವೇ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಿ. ನನಗೆ ನೋವಾಗುವುದು ಶುಲ್ಕದ ಹಣಕ್ಕಾಗಿ ಅಲ್ಲ. ಏಳೆಂಟು ವರ್ಷದ ಮಗು ತಾನು ಸಂದಿಯಿಂದ ನೋಡುತ್ತಿದ್ದೇನೆಂದು ಬಲ್ಲದು. ಎದುರಿಗೆ ಅಪ್ಪ ಅಮ್ಮ ಚಪ್ಪಾಳೆ ತಟ್ಟುತ್ತಿದ್ದಾರೆ. ಬಾಯಿಬಿಟ್ಟರೆ ಅವರ ಮುಖ ಏನಾದೀತು ಎಂದು ಅದು ಸುಮ್ಮನಾಗುತ್ತದೆ.

ಶಿಕ್ಷಕರಿಗೆ ನನ್ನ ಸಲಹೆ ಇಷ್ಟೆ. ಗೋಡೆಯ ಪಟವನ್ನು ಇಳಿಸಬೇಡಿ. ಅದರ ಪಕ್ಕದಲ್ಲಿ ಒಂದು ಖಾಲಿ ಹಾಳೆ ಅಂಟಿಸಿ, ಪ್ರತಿ ಚೀಟಿಯ ಎದುರಿಗೆ ಮಕ್ಕಳಿಂದಲೇ ಮೂರು ವಿಷಯ ಬರೆಸಿ: ಇದನ್ನು ಯಾರಲ್ಲಿ ಕಂಡರು, ಯಾವ ವಿಧಾನದಿಂದ ಕಂಡರು, ಬೇರೆ ವಿವರಣೆ ಸಾಧ್ಯವೇ. ಹಾಳೆ ಬೇಗ ತುಂಬುವುದಿಲ್ಲ, ತುಂಬಬೇಕಾಗಿಯೂ ಇಲ್ಲ. ಅನುಕೂಲವಿದ್ದವರು ವಿದ್ಯಾರ್ಥಿಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ಕರೆದೊಯ್ಯಬಹುದು. ಪೆಟ್ಟಿನಿಂದ, ರಕ್ತಸ್ರಾವದಿಂದ, ಗಡ್ಡೆಯಿಂದ ಕೆಟ್ಟ ಮಿದುಳುಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು. ಅವುಗಳಿಗೆ ಯಾವ ಬಣ್ಣವನ್ನೂ ಬಳಿದಿಲ್ಲ. ಎಲ್ಲಿ ಒಂದು ಹಾಲೆ ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸಲು ಅಲ್ಲಿ ಮಕ್ಕಳನ್ನು ಕೇಳಿ ನೋಡಿ.